ಉಂಡು ಮಲಗಿದ ಮೇಲೂ ಮುಗಿಯದ ಜಗಳ

ಪ್ರಶ್ನೆ: ಮೇಡಂ, ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಎಂಟನೆಯ ತರಗತಿಗೆ ‘ನಮ್ಮ ಮನೆಯ ಸಂಜೆ’ ಎಂಬ ಪ್ರಬಂಧ ಬರೆಸಿದ್ದೆ. ಒಬ್ಬ ಹುಡುಗ ಹೀಗೆ ಬರೆದಿದ್ದಾನೆ: ‘ಅಪ್ಪ ಅಮ್ಮನಿಗೆ ಹೊಡೆಯಲು ಶುರು ಮಾಡಿದಾಗ ನಾನು ತಂಗಿಯನ್ನು ಕರೆದುಕೊಂಡು ಕೊಟ್ಟಿಗೆಗೆ ಹೋಗುತ್ತೇನೆ. ಎಮ್ಮೆಯ ಪಕ್ಕ ಕುಳಿತರೆ ಸದ್ದು ಕಡಿಮೆ ಕೇಳುತ್ತದೆ.’ ಮರುವಾರ ಅದೇ ಹುಡುಗ ತರಗತಿಯ ಹುಡುಗಿಯೊಬ್ಬಳ ಕೆನ್ನೆಗೆ ಹೊಡೆದ. ಏಕೆಂದು ಕೇಳಿದರೆ ‘ಎದುರು ಮಾತಾಡಿದಳು’ ಎಂದ. ಪಿ.ಟಿ. ಮಾಸ್ತರು ಅವನಿಗೆ ಬೆತ್ತದಿಂದ ನಾಲ್ಕು ಬಾರಿಸಿ ವಿಷಯ ಮುಗಿಸಿದರು. ಮುಖ್ಯ ಶಿಕ್ಷಕರಿಗೆ ಪ್ರಬಂಧ ತೋರಿಸಿದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನೀವು ಪಾಠ ಮುಗಿಸಿ’ ಎಂದರು. ಹುಡುಗನ ತಂದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಆಗಾಗ ಕುಡಿಯುತ್ತಾರೆ ಎಂದು ಊರಿನಲ್ಲಿ ಮಾತು. ಅವರನ್ನು ಶಾಲೆಗೆ ಕರೆಸಿ ಬುದ್ಧಿ ಹೇಳೋಣವೇ? ದೂರು ಕೊಡುವುದು ಕಾನೂನಿನ ಪ್ರಕಾರ ನನ್ನ ಕರ್ತವ್ಯವೇ? ಶಾಲೆ ಇಂಥದ್ದನ್ನು ನಿಜಕ್ಕೂ ತಡೆಯಬಲ್ಲದೇ, ಅಥವಾ ಇದೆಲ್ಲ ಭಾಷಣದ ಮಾತೇ? ಇನ್ನೊಂದು ಚಿಕ್ಕ ಪ್ರಶ್ನೆ: ಆ ಪ್ರಬಂಧಕ್ಕೆ ಎಷ್ಟು ಅಂಕ ಕೊಡಲಿ? ಎರಡು ವಾರದಿಂದ ಆ ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಎಮ್ಮೆ. ಮನೆಯಲ್ಲಿ ಸದ್ದು ಎಲ್ಲಿ ಕಡಿಮೆ ಕೇಳುತ್ತದೆ ಎಂಬುದನ್ನು ಆ ಹುಡುಗ ಪತ್ತೆ ಮಾಡಿಟ್ಟುಕೊಂಡಿದ್ದಾನೆ, ತಂಗಿಯನ್ನೂ ಅಲ್ಲಿಗೆ ಸಾಗಿಸುತ್ತಾನೆ. ಎಂದೋ ಒಂದು ದಿನ ಹೊಡೆತ ಕಂಡ ಮಗು ಹೀಗೆ ಬರೆಯುವುದಿಲ್ಲ. ‘ಒಮ್ಮೆ ಹೊಡೆದರು’ ಎಂದಲ್ಲ, ‘ಹೊಡೆಯಲು ಶುರು ಮಾಡಿದಾಗ’ ಎಂದಿದ್ದಾನೆ. ನೀವು ಕನ್ನಡ ಕಲಿಸುವವರು, ಆ ಕ್ರಿಯಾಪದ ನನಗಿಂತ ಮೊದಲೇ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ.

ನಿಮ್ಮ ಪ್ರಶ್ನೆಗಳ ಹಿಂದೆ ಎರಡು ಭಯಗಳಿವೆ. ಸುಮ್ಮನಿದ್ದರೆ ತಾಯಿ ಮಕ್ಕಳಿಗೆ ಏನಾದರೂ ಆದೀತು ಎಂಬುದು ಒಂದು, ಕೈ ಹಾಕಿದರೆ ಇರುವುದೂ ಕೆಟ್ಟೀತು ಎಂಬುದು ಇನ್ನೊಂದು. ಎರಡೂ ನಿಜವಾದ ಭಯಗಳೇ. ಹಾಗಾಗಿ ಮಾಡಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ. ತಂದೆಯನ್ನು ಕರೆಸಬೇಡಿ.

ಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇದೇ ತಪ್ಪು ಮಾಡಿದ್ದೇನೆ. ಆರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಶಿಕ್ಷಕಿಗೆ ಹೇಳಿಕೊಂಡಿದ್ದಳು, ಶಿಕ್ಷಕಿ ನನಗೆ ಹೇಳಿದರು, ನಾನು ಉತ್ಸಾಹದಿಂದ ತಂದೆಯನ್ನು ಕರೆಸಿದೆ. ಬಂದವರು ಬಹಳ ಸೌಮ್ಯವಾಗಿ ಮಾತನಾಡಿದರು. ತಪ್ಪಾಯಿತು ಎಂದು ಕೈಮುಗಿದರು. ಅಂದು ಸಂಜೆ ನಾನು ಹೆಮ್ಮೆಯಿಂದ ಮನೆಗೆ ಹೋದೆ. ಮರುವಾರದಿಂದ ಹುಡುಗಿ ಶಾಲೆಗೆ ಬರಲಿಲ್ಲ, ಅವಳನ್ನು ಅಜ್ಜಿಯ ಊರಿಗೆ ಸಾಗಿಸಿದ್ದರು. ತಾಯಿಯ ಕೈ ಮುರಿದ ಸಂಗತಿ ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ. ಮನೆಯ ಮಾತು ಹೊರಗೆ ಹೋಯಿತು ಎನ್ನುವುದೇ ಆ ಮನೆಯಲ್ಲಿ ಹೊಡೆಯಲು ಹೊಸ ಕಾರಣವಾಗಿತ್ತು. ಎಸ್‌ಡಿಎಂಸಿ ಸದಸ್ಯರ ವಿಷಯದಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಅಲ್ಲಿ ಊರಿನ ಮುಂದೆ ಮರ್ಯಾದೆ ಹೋಯಿತೆಂಬ ಸಿಟ್ಟೂ ಸೇರಿಕೊಳ್ಳುತ್ತದೆ.

ಇನ್ನು ನಿಮ್ಮ ಮುಖ್ಯ ಶಿಕ್ಷಕರ ಗಾದೆ. ನಮ್ಮಲ್ಲಿ ಇನ್ನೊಂದು ಗಾದೆಯೂ ಇದೆ, ಅದನ್ನು ಅವರು ಮರೆತಿದ್ದಾರೆ: ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಮೊದಲನೆಯದು ಜಗಳದ ಬಗ್ಗೆ ಸರಿಯಾಗಿಯೇ ಹೇಳುತ್ತದೆ. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ, ಇಬ್ಬರೂ ಕೂಗುತ್ತಾರೆ, ಇಬ್ಬರೂ ಉಂಡು ಮಲಗುತ್ತಾರೆ. ಒಬ್ಬರು ಹೊಡೆಯುತ್ತ, ಇನ್ನೊಬ್ಬರು ಬೆಳಿಗ್ಗೆ ಸೆರಗು ಎಳೆದುಕೊಂಡು ಮುಖ ಮುಚ್ಚಿ ನೀರಿಗೆ ಹೋಗುತ್ತಿದ್ದರೆ ಅದಕ್ಕೆ ಜಗಳ ಎಂಬ ಹೆಸರು ಹೊಂದುವುದಿಲ್ಲ.

ಇದು ಯಾವುದೋ ಒಂದೆರಡು ಮನೆಗಳ ಕಥೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ 29.3. ಅದಕ್ಕೂ ಹಿಂದಿನ, 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ 20.6 ಇತ್ತು. ಇದರಲ್ಲಿ ಹೆಚ್ಚಿದ ಹೊಡೆತ ಎಷ್ಟು, ಬಾಯಿ ಬಿಟ್ಟು ಹೇಳುವ ಧೈರ್ಯ ಎಷ್ಟು ಎಂದು ವಾದಿಸಬಹುದು. ಆದರೆ ನಿಮ್ಮ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ, ಅಡಗಿಕೊಳ್ಳಲು ಜಾಗ ಹುಡುಕಿಕೊಂಡವನು ಅವನೊಬ್ಬನೇ ಇರಲಾರ. ಬರೆದವನು ಮಾತ್ರ ಅವನೊಬ್ಬ.

ಅದೇ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಪ್ರಶ್ನೆ. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಕೆಲವು ಕಾರಣಗಳನ್ನು ಮುಂದಿಟ್ಟು, ಇಂಥ ಸಂದರ್ಭದಲ್ಲಿ ಗಂಡ ಹೊಡೆಯುವುದು ಸರಿಯೇ ಎಂದು ಅಲ್ಲಿ ಕೇಳುತ್ತಾರೆ. ಕರ್ನಾಟಕದ ಮಹಿಳೆಯರಲ್ಲಿ ನಾಲ್ವರಲ್ಲಿ ಮೂವರು, ಗಂಡಸರಲ್ಲಿ ಐವರಲ್ಲಿ ನಾಲ್ವರು ಒಂದಲ್ಲ ಒಂದು ಕಾರಣಕ್ಕೆ ‘ಸರಿ’ ಎಂದಿದ್ದಾರೆ. ಆ ಕಾರಣಗಳ ಪಟ್ಟಿಯಲ್ಲಿ ಒಂದು, ಹೆಂಡತಿ ಎದುರು ವಾದಿಸುವುದು. ನಿಮ್ಮ ಹುಡುಗ ತರಗತಿಯಲ್ಲಿ ಕೊಟ್ಟ ಕಾರಣವೂ ಅದೇ, ‘ಎದುರು ಮಾತಾಡಿದಳು’. ಅದನ್ನು ಅವನು ಹೊಸದಾಗಿ ಕಟ್ಟಿ ಹೇಳಲಿಲ್ಲ.

‘ಕುಡಿತ ಬಿಡಿಸಿದರೆ ಎಲ್ಲ ಸರಿಹೋಗುತ್ತದೆ’ ಎಂದು ನಿಮ್ಮ ಸಹೋದ್ಯೋಗಿಗಳು ಹೇಳಿಯೇ ಹೇಳುತ್ತಾರೆ. ಕುಡಿತ ಹೊಡೆತವನ್ನು ಹೆಚ್ಚಿಸುತ್ತದೆ, ಗಾಯವನ್ನು ಆಳ ಮಾಡುತ್ತದೆ, ಇದರಲ್ಲಿ ಅನುಮಾನವಿಲ್ಲ. ಆದರೆ ಕುಡಿಯದ ಗಂಡಂದಿರ ಹೆಂಡತಿಯರಲ್ಲೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹಿಂಸೆ ಅನುಭವಿಸುತ್ತಾರೆ ಎಂಬುದು ಇಡೀ ದೇಶಕ್ಕೆ ಅದೇ ಸಮೀಕ್ಷೆ ಕೊಟ್ಟ ಲೆಕ್ಕ. ನಾನು ಹೆಂಗಸರನ್ನು ಕೇಳುವ ಪ್ರಶ್ನೆಯೇ ಬೇರೆ: ಕುಡಿದ ದಿನ ಅವರು ಬಾರಿನ ಮಾಲೀಕನಿಗೆ ಹೊಡೆದಿದ್ದಾರೆಯೇ? ಸಾಲ ಕೊಟ್ಟ ಸಾಹುಕಾರನಿಗೆ? ಮನೆಯ ಹೊಸ್ತಿಲು ದಾಟುವವರೆಗೂ ಹಿಡಿತದಲ್ಲಿದ್ದ ಕೈ ಒಳಗೆ ಬಂದೊಡನೆ ಹಿಡಿತ ತಪ್ಪಿತೆಂದರೆ, ಯಾರ ಮೇಲೆ ಎತ್ತಬಹುದು ಎಂಬ ಎಚ್ಚರ ಆ ಕೈಗೆ ಇದೆ ಎಂದೇ ಅರ್ಥ. ಇದನ್ನು ಹುಡುಗನಿಗೂ ಹೊಂದಿಸಿ ನೋಡಿ. ಸಿಟ್ಟು ತಡೆಯಲಾಗದೆ ಹೊಡೆದ ಎನ್ನುತ್ತೇವೆ. ಪಿ.ಟಿ. ಮಾಸ್ತರು ಬಾರಿಸುವಾಗಲೂ ಅವನಿಗೆ ಸಿಟ್ಟು ಬಂದಿರಬೇಕು, ಅವರ ಮೇಲೆ ಕೈ ಎತ್ತಿದನೇ? ಯಾರು ಯಾರಿಗೆ ಹೊಡೆಯಬಹುದು ಎಂಬ ಕೋಷ್ಟಕ ಅವನಿಗೆ ಬಾಯಿಪಾಠವಾಗಿದೆ. ಮನೆಯಲ್ಲಿ ಕಲಿತದ್ದನ್ನು ಆ ದಿನ ಶಾಲೆ ತಪ್ಪಿಲ್ಲದೆ ಪುನರಾವರ್ತನೆ ಮಾಡಿಸಿತು.

ಅದಕ್ಕೇ ಹೇಳುತ್ತೇನೆ, ನಿಮ್ಮ ಪತ್ರದಲ್ಲಿರುವ ಅತಿ ದೊಡ್ಡ ಸಮಸ್ಯೆ ಆ ಬೆತ್ತ. ಪಿ.ಟಿ. ಮಾಸ್ತರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹುಡುಗಿಯ ಪರವಾಗಿ ನಿಂತೆ ಎಂದೇ ಅವರು ನಂಬಿರುತ್ತಾರೆ. ಆದರೆ ದೊಡ್ಡವನು ಚಿಕ್ಕವನಿಗೆ ಹೊಡೆದು ಹೊಡೆಯಬೇಡ ಎಂದು ಕಲಿಸಿದಾಗ ಮಗುವಿಗೆ ಉಳಿಯುವ ಪಾಠ ಒಂದೇ, ಬೇಗ ದೊಡ್ಡವನಾಗಬೇಕು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ನಿಷೇಧಿಸುತ್ತದೆ. ಬೆತ್ತ ಕಪಾಟಿನ ಮೇಲಿರುವ ಶಾಲೆಯಲ್ಲಿ ಹೆಣ್ಣುಮಕ್ಕಳ ದಿನಾಚರಣೆ ಎಷ್ಟು ಚೆನ್ನಾಗಿ ನಡೆದರೂ ನನಗೆ ನಂಬಿಕೆ ಬರುವುದಿಲ್ಲ.

ಈಗ ಹುಡುಗನ ವಿಷಯ. ‘ಅಪ್ಪನ ಹಾಗೇ ಮಗ’ ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲಿ ಈಗಾಗಲೇ ಬಂದಿದ್ದರೆ ನನಗೆ ಆಶ್ಚರ್ಯವಿಲ್ಲ. ಅದು ಅರ್ಧಸತ್ಯ. ಹೊಡೆತ ನೋಡಿ ಬೆಳೆದ ಮಕ್ಕಳಲ್ಲಿ ಮುಂದೆ ಹೊಡೆಯುವ, ಹೊಡೆಸಿಕೊಳ್ಳುವ ಅಪಾಯ ಹೆಚ್ಚು, ಆದರೆ ಅನೇಕರು ಹಾಗಾಗುವುದಿಲ್ಲ. ಹಾಗಾಗದವರನ್ನು ಮಾತನಾಡಿಸಿದಾಗಲೆಲ್ಲ ಒಬ್ಬ ಸೋದರತ್ತೆಯೋ, ಪಕ್ಕದ ಮನೆಯ ಅಜ್ಜನೋ, ಒಬ್ಬ ಮೇಷ್ಟರೋ ಕಥೆಯೊಳಗೆ ಬರುತ್ತಾರೆ. ಅವರು ದೊಡ್ಡದೇನೂ ಮಾಡಿರುವುದಿಲ್ಲ. ಸಿಟ್ಟು ಬಂದಾಗಲೂ ಕೈ ಎತ್ತದ ಒಬ್ಬ ದೊಡ್ಡ ಮನುಷ್ಯನನ್ನು ಈ ಮಗು ಹತ್ತಿರದಿಂದ ಕಂಡಿರುತ್ತದೆ, ಅಷ್ಟೇ.

ರಾತ್ರಿಯೆಲ್ಲ ಕಿವಿ ನೆಟ್ಟು ಮಲಗುವ ಮಗುವಿನ ಮೈ ಹಗಲಿನಲ್ಲೂ ಅದೇ ಎಚ್ಚರದಲ್ಲಿ ಇರುತ್ತದೆ. ಬಾಗಿಲು ಜೋರಾಗಿ ಬಡಿದರೆ ಬೆಚ್ಚುತ್ತಾನೆ, ಎರಡನೆಯ ಪೀರಿಯಡ್‌ನಲ್ಲಿ ತೂಕಡಿಸುತ್ತಾನೆ, ನಿನ್ನೆ ಕಲಿತದ್ದು ಇಂದು ನೆನಪಿರುವುದಿಲ್ಲ. ನಾವು ‘ದಡ್ಡ’ ಎಂದು ಬರೆದುಕೊಳ್ಳುತ್ತೇವೆ. ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಿ. ಸಂತೆಯ ಮರುದಿನ, ಕೂಲಿ ಬಟವಾಡೆಯ ಮರುದಿನ ಯಾರು ಯಾರು ಗೈರು ಎಂಬುದರಲ್ಲಿ ಎಷ್ಟೋ ಪ್ರಬಂಧಗಳಿವೆ.

ಅವನೊಡನೆ ಮಾತನಾಡಿ, ಆದರೆ ವಿಚಾರಣೆ ಮಾಡಬೇಡಿ. ಸಿಬ್ಬಂದಿ ಕೊಠಡಿಗೆ ಕರೆಯಬೇಡಿ, ಇತರ ಮಕ್ಕಳು ನೋಡುತ್ತಾರೆ. ಗಿಡಕ್ಕೆ ನೀರು ಹಾಕುವಾಗಲೋ ಗ್ರಂಥಾಲಯದ ಪುಸ್ತಕ ಜೋಡಿಸುವಾಗಲೋ ಹೇಳಬಹುದು: ‘ನೀನು ಬರೆದದ್ದನ್ನು ಓದಿದೆ. ತಂಗಿಯನ್ನು ಕರೆದುಕೊಂಡು ಹೋಗುವುದು ಜಾಣತನ. ಅಲ್ಲಿ ಆಗುತ್ತಿರುವುದಕ್ಕೆ ನೀನು ಕಾರಣ ಅಲ್ಲ.’ ಕೊನೆಯ ವಾಕ್ಯ ನಿಮಗೆ ಅನಗತ್ಯ ಎನಿಸಬಹುದು. ಆದರೆ ಅಂಕ ಕಡಿಮೆ ಬಂದದ್ದಕ್ಕೆ, ಚಪ್ಪಲಿ ಕೇಳಿದ್ದಕ್ಕೆ ಅಮ್ಮ ಏಟು ತಿಂದಳು ಎಂದು ನಂಬಿಕೊಂಡ ಎಷ್ಟೋ ಮಕ್ಕಳನ್ನು ನಾನು ನೋಡಿದ್ದೇನೆ. ಅಪ್ಪ ಅಮ್ಮನ ನಡುವೆ ಹೋಗಿ ನಿಲ್ಲಬೇಡ ಎಂದು ಸ್ಪಷ್ಟವಾಗಿ ಹೇಳಿ. ಈ ವಯಸ್ಸಿನ ಹುಡುಗರು ಅಡ್ಡ ಹೋಗಿ ಪೆಟ್ಟು ತಿನ್ನುತ್ತಾರೆ. ರಾತ್ರಿ ಓಡಿ ಹೋಗಬಹುದಾದ ಒಂದು ಮನೆ ಯಾವುದು ಎಂದು ಕೇಳಿ. ತುರ್ತು ನೆರವಿನ 112 ಮತ್ತು ಮಕ್ಕಳ ಸಹಾಯವಾಣಿ 1098, ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿ. ಅವನಿಗೊಬ್ಬನಿಗೇ ಅಲ್ಲ, ಇಡೀ ತರಗತಿಗೆ, ಆಗ ಯಾರಿಗೂ ಅನುಮಾನ ಬರುವುದಿಲ್ಲ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ‘ನಿನಗೆ ಹೇಳದೆ ಯಾರಿಗೂ ಹೇಳುವುದಿಲ್ಲ’ ಎನ್ನಿ, ಅದನ್ನು ಉಳಿಸಿಕೊಳ್ಳಬಹುದು.

ಇಷ್ಟು ಹೊತ್ತು ಹುಡುಗನ ಬಗ್ಗೆಯೇ ಮಾತನಾಡಿದೆವು. ಏಟು ತಿಂದ ಹುಡುಗಿಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಸಾಲು ಇದೆ. ಬೇಸರ ಮಾಡಿಕೊಳ್ಳಬೇಡಿ, ಎಲ್ಲ ಶಾಲೆಗಳಲ್ಲೂ ಹೀಗೆಯೇ ಆಗುತ್ತದೆ. ಹುಡುಗನ ಹಿಂದೆ ಒಂದು ದುಃಖದ ಕಥೆ ಇದೆ ಎಂದು ಗೊತ್ತಾದೊಡನೆ ನಮ್ಮ ಮನಸ್ಸು ಅತ್ತ ವಾಲುತ್ತದೆ, ಅವಳ ಕೆನ್ನೆ ಮರೆತುಹೋಗುತ್ತದೆ. ಮುಂದೆ ಗಂಡನ ಮನೆಯಲ್ಲೂ ‘ಪಾಪ, ಅವರ ಬಾಲ್ಯ ಚೆನ್ನಾಗಿರಲಿಲ್ಲ’ ಎಂದು ಸಹಿಸಿಕೊಳ್ಳುವ ಪಾಠ ಅವಳಿಗೆ ಇಲ್ಲಿಂದಲೇ ಶುರುವಾದೀತು. ಅವಳನ್ನು ಕರೆದು ಕೇಳಿ: ಏನಾಯಿತು, ಈಗ ಹೇಗಿದ್ದೀಯ, ಏನು ಆಗಬೇಕು ಎನ್ನಿಸುತ್ತದೆ. ಜಾಗ ಬದಲಿಸಬೇಕಾದರೆ ಹುಡುಗನ ಜಾಗ ಬದಲಿಸಿ, ಅವಳದ್ದಲ್ಲ. ಎದುರು ಮಾತಾಡುವುದು ಹೊಡೆಯಲು ಕಾರಣವಲ್ಲ ಎಂಬುದನ್ನು ತರಗತಿಯಲ್ಲಿ ಎಲ್ಲರೂ ಕೇಳುವಂತೆ ಹೇಳಿ. ಹುಡುಗ ಕ್ಷಮೆ ಕೇಳಬೇಕು, ಆದರೆ ಅವಳು ಒಪ್ಪಲೇಬೇಕೆಂದು ಕೈ ಕುಲುಕಿಸಬೇಡಿ. ಅವನ ಮನೆಯ ವಿಷಯ ಅವಳಿಗೆ ತಿಳಿಯುವ ಅಗತ್ಯವಿಲ್ಲ.

ತಾಯಿಯ ಬಳಿ ಹೋಗುವ ದಾರಿ ಸೂಕ್ಷ್ಮವಾದದ್ದು. ‘ನಿಮ್ಮ ಮಗ ಹೀಗೆ ಬರೆದಿದ್ದಾನೆ’ ಎಂದು ಶುರು ಮಾಡಬೇಡಿ, ಮಗನ ಬಾಯಿ ಅಲ್ಲಿಗೆ ಮುಚ್ಚುತ್ತದೆ. ಪೋಷಕರ ಸಭೆಗೆ ಬಂದಾಗ, ಇಲ್ಲವೇ ಬಿಸಿಯೂಟದ ಅಡುಗೆಯವರ ಮೂಲಕ ಹೇಳಿ ಕಳಿಸಿ, ಒಬ್ಬರೇ ಸಿಕ್ಕಾಗ ಕೇಳಿ: ‘ಹುಡುಗ ಇತ್ತೀಚೆಗೆ ಮಂಕಾಗಿರುತ್ತಾನೆ. ಮನೆಯಲ್ಲಿ ನೀವು ಹೇಗಿದ್ದೀರಿ ಅಮ್ಮ?’ ಬಹುತೇಕ ಮೊದಲ ಸಲ ‘ಚೆನ್ನಾಗಿದ್ದೇವೆ ಮೇಡಂ’ ಎನ್ನುತ್ತಾರೆ. ಕಣ್ಣಿನ ಕೆಳಗೆ ಕಪ್ಪಾಗಿದ್ದರೂ ಬಚ್ಚಲಲ್ಲಿ ಜಾರಿದೆ ಎನ್ನುತ್ತಾರೆ. ಒಪ್ಪಿಕೊಳ್ಳಿ. ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೆರವು ಕೋರಿದವರು ದೇಶದಲ್ಲಿ ಕೇವಲ ಶೇ 14. ಅವರು ಇನ್ನೊಮ್ಮೆ ನಿಮ್ಮ ಹತ್ತಿರ ಬರಬಹುದು ಎನ್ನುವಷ್ಟು ಜಾಗ ಉಳಿಸಿದರೆ ಮೊದಲ ಭೇಟಿಗೆ ಅಷ್ಟು ಸಾಕು. ಮಹಿಳಾ ಸಹಾಯವಾಣಿ 181 ಎಂಬುದನ್ನು ಚೀಟಿಯಲ್ಲಿ ಬರೆದುಕೊಡಬೇಡಿ, ಬಾಯಲ್ಲಿ ಹೇಳಿ. ಕರೆ ಮಾಡಬೇಕೆಂದರೆ ನಿಮ್ಮ ಮೊಬೈಲ್ ಕೊಡಿ, ಅವರ ಮೊಬೈಲನ್ನು ಗಂಡ ನೋಡುತ್ತಿರಬಹುದು. ಮತ್ತು ದಯವಿಟ್ಟು ‘ಬಿಟ್ಟು ಬನ್ನಿ’ ಎಂದು ಹೇಳಬೇಡಿ. ಬಿಟ್ಟು ಹೊರಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಯಾವಾಗ, ಎಲ್ಲಿಗೆ, ಮಕ್ಕಳ ಕಾಗದಪತ್ರ ಯಾರ ಬಳಿ ಇರಬೇಕು ಎಂಬ ಲೆಕ್ಕ ಆ ಹೆಂಗಸಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕಾನೂನಿನ ಮಾತು. ತಾಯಿಯ ಮೇಲಿನ ಹಿಂಸೆಯನ್ನು ವರದಿ ಮಾಡಲೇಬೇಕೆಂಬ ಕಡ್ಡಾಯ ನಿಮಗಿಲ್ಲ. ಮಾಡುವ ಹಕ್ಕು ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಈ ಅಧಿಕಾರಿ ಎಂದರೆ ಸಾಮಾನ್ಯವಾಗಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ನಿಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತು. ಆ ಕಾಯ್ದೆಯಲ್ಲಿ ತಾಯಿಗೆ ಮುಖ್ಯವಾದದ್ದು ವಾಸದ ಆದೇಶ. ಮನೆ ಗಂಡನ ಹೆಸರಿನಲ್ಲಿದ್ದರೂ ಅವರನ್ನು ಹೊರಹಾಕುವಂತಿಲ್ಲ, ಅಗತ್ಯ ಬಿದ್ದರೆ ಗಂಡನಿಗೇ ಹೊರಗಿರಲು ಮ್ಯಾಜಿಸ್ಟ್ರೇಟರು ಹೇಳಬಹುದು. ಅರ್ಜಿಯನ್ನು 60 ದಿನಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ, ನಾನು ಕಂಡ ಪ್ರಕರಣಗಳು ಅದಕ್ಕಿಂತ ಬಹಳ ಎಳೆದಿವೆ. ವಕೀಲರ ಖರ್ಚಿಲ್ಲ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ಆದರೆ ತಾಯಿ ಬೇಡ ಎನ್ನುವಾಗ ನೀವು ಮುಂದೆ ಹೋದರೆ, ಅಧಿಕಾರಿ ಮನೆಗೆ ಬಂದು ಹೋದ ಆ ರಾತ್ರಿ ಅವರಿಗೆ ಕಷ್ಟದ್ದಾಗುತ್ತದೆ. ಜೀವಕ್ಕೆ ಅಪಾಯ ಎನಿಸಿದಾಗ ಮಾತ್ರ ಒಪ್ಪಿಗೆಗೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಮಕ್ಕಳಿಗೇ ಏಟು ಬೀಳುತ್ತಿದ್ದರೆ ಮಾತು ಬೇರೆ. ಆಗ 1098, ಮಕ್ಕಳ ಕಲ್ಯಾಣ ಸಮಿತಿ. ಲೈಂಗಿಕ ದೌರ್ಜನ್ಯದ ಶಂಕೆ ಬಂದರಂತೂ ನಿಮಗೆ ಆಯ್ಕೆಯೇ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ ಪ್ರಕಾರ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆ. ‘ನಮಗೇಕೆ’ ಎನ್ನುವ ಮುಖ್ಯ ಶಿಕ್ಷಕರಿಗೆ ಈ ಒಂದು ವಾಕ್ಯ ಓದಿ ಹೇಳಿದರೆ ತಪ್ಪಿಲ್ಲ.

ಶಾಲೆ ತಡೆಯಬಲ್ಲದೇ? ಇಂದು ರಾತ್ರಿ ಆ ಮನೆಯಲ್ಲಿ ಬೀಳುವ ಏಟನ್ನು ಶಾಲೆ ತಡೆಯಲಾರದು. ಹದಿನೈದು ವರ್ಷದ ನಂತರ ಈ ಹುಡುಗನ ಮನೆಯಲ್ಲಿ ಬೀಳಬಹುದಾದ ಏಟಿನ ವಿಷಯದಲ್ಲಿ ಅದಕ್ಕೆ ಸ್ವಲ್ಪ ಕೈಯಿದೆ. ಹರಿಯಾಣದ ನಾಲ್ಕು ಜಿಲ್ಲೆಗಳ 314 ಸರ್ಕಾರಿ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ಏಳನೆಯ ತರಗತಿಯಿಂದ ಆರಂಭಿಸಿ ಎರಡೂವರೆ ವರ್ಷ, ಸುಮಾರು ಮೂರು ವಾರಕ್ಕೊಮ್ಮೆ 45 ನಿಮಿಷ, ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಚರ್ಚೆ ನಡೆಸಿತು. ಮನೆಗೆಲಸ ಯಾರದ್ದು, ಓದು ಯಾರಿಗೆ, ಹೊಡೆತ ಸರಿಯೇ ಎಂಬಂಥ ವಿಷಯಗಳು. ಉಳಿದ ಶಾಲೆಗಳ ಮಕ್ಕಳಿಗೆ ಹೋಲಿಸಿದಾಗ, ಹೆಣ್ಣು ಗಂಡಿನ ಬಗೆಗಿನ ಹಳೆಯ ಧೋರಣೆಗಳಲ್ಲಿ ಸುಮಾರು ಶೇ 16ರಷ್ಟು ಬದಲಾವಣೆ ಕಂಡಿತು, ಕಾರ್ಯಕ್ರಮ ಮುಗಿದು ಎರಡು ವರ್ಷದ ನಂತರವೂ ಅದು ಉಳಿದಿತ್ತು. ನಡವಳಿಕೆ ಹೆಚ್ಚು ಬದಲಾದದ್ದು ಹುಡುಗರಲ್ಲಿ. ಹುಡುಗಿಯರ ಮನಸ್ಸು ಬದಲಾದರೂ ಮನೆಯ ಬಾಗಿಲು ಅವರ ಕೈಯಲ್ಲಿರಲಿಲ್ಲವಲ್ಲ.

ಶೇ 16 ಎಂದರೆ ಪವಾಡವಲ್ಲ. ಆದರೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ದಿನವಾದ ನವೆಂಬರ್ 25ರಂದು ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಬೋಧಿಸುವುದಕ್ಕಿಂತ ಎಷ್ಟೋ ವಾಸಿ. ಹುಡುಗಿಯರಿಗಷ್ಟೇ ಕರಾಟೆ ಕಲಿಸಿ ಮುಗಿಸುವುದಕ್ಕಿಂತಲೂ ವಾಸಿ. ಕರಾಟೆ ಬೇಡವೆನ್ನುತ್ತಿಲ್ಲ, ಹೊಡೆಯುವವರು ಆ ಹೊತ್ತಿಗೆ ಮೈದಾನದಲ್ಲಿ ಕಬಡ್ಡಿ ಆಡುತ್ತಿರುತ್ತಾರೆ ಎನ್ನುತ್ತಿದ್ದೇನೆ.

ನೀವು ಭಾಷಾ ಶಿಕ್ಷಕಿ, ನಿಮಗೆ ಯಾವ ಯೋಜನೆಯ ಹಣವೂ ಬೇಡ. ಮುಂದಿನ ವಾರ ಗಾದೆಗಳ ಪಾಠ ಇಟ್ಟುಕೊಳ್ಳಿ. ಮೇಲಿನ ಎರಡು ಗಾದೆಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಎರಡೂ ನಿಜವಾಗಲು ಸಾಧ್ಯವೇ ಎಂದು ಕೇಳಿ. ‘ಬಳೆ ತೊಟ್ಟುಕೋ’ ಎಂಬುದು ಬೈಗುಳ ಹೇಗಾಯಿತು ಎಂದು ಕೇಳಿ. ಯಾರ ಮನೆಯಲ್ಲಿ ಏನಾಗುತ್ತದೆ ಎಂದು ಮಾತ್ರ ಕೇಳಬೇಡಿ. ಹಾಗೆಯೇ ಶಾಲೆಯಲ್ಲಿ ಕಸ ಗುಡಿಸುವವರು ಯಾರು, ಬೆಂಚು ಹೊರುವವರು ಯಾರು, ಅತಿಥಿ ಬಂದರೆ ಚಹಾ ಲೋಟ ತೊಳೆಯಲು ಯಾರನ್ನು ಕರೆಯುತ್ತೇವೆ ಎಂದು ಒಂದು ವಾರ ನೋಡಿ, ಪಾಳಿ ಬದಲಿಸಿ. ಮೊದಲ ದಿನ ಹುಡುಗರು ನಗುತ್ತಾರೆ, ಮೂರನೆಯ ದಿನ ಪೊರಕೆಗೆ ಜಗಳವಾಡುತ್ತಾರೆ.

ಮುಖ್ಯ ಶಿಕ್ಷಕರೊಡನೆ ಈ ಒಂದು ಮನೆಯ ಹೆಸರು ಹಿಡಿದು ವಾದಿಸಬೇಡಿ. ಮಕ್ಕಳ ರಕ್ಷಣೆ ಶಾಲೆಯ ಹೊಣೆ ಎಂಬುದಕ್ಕೆ ರಾಜ್ಯದ ಮಕ್ಕಳ ರಕ್ಷಣಾ ನೀತಿಯೇ ಇದೆ. ಅದನ್ನು ಮುಂದಿಟ್ಟುಕೊಂಡು, ಸಹಾಯವಾಣಿಯ ಫಲಕ, ದೂರು ಪೆಟ್ಟಿಗೆ, ಬೆತ್ತ ಇಲ್ಲದ ಶಾಲೆ, ಈ ಮೂರನ್ನು ಸಾಮಾನ್ಯ ವಿಷಯವಾಗಿ ಸಭೆಗೆ ತನ್ನಿ. ಆ ತಂದೆಯೂ ಎಸ್‌ಡಿಎಂಸಿಯಲ್ಲಿ ಕೈ ಎತ್ತಿ ಒಪ್ಪಬಹುದು, ನಾನು ಅಂಥದ್ದನ್ನು ನೋಡಿದ್ದೇನೆ. ಪೆಟ್ಟಿಗೆಯ ಬೀಗದ ಕೈ ಮಾತ್ರ ಸಮಿತಿಯವರ ಹತ್ತಿರ ಇರದಂತೆ ನೋಡಿಕೊಳ್ಳಿ.

ಕೊನೆಗೆ ಅಂಕ. ಉಳಿದವರಿಗೆ ಹೇಗೆ ಕೊಟ್ಟಿರೋ ಹಾಗೆ, ಬರವಣಿಗೆಗೆ ಕೊಡಿ. ಕಾಗುಣಿತ ತಪ್ಪಿದ್ದರೆ ತಿದ್ದಿ. ಕರುಣೆಯಿಂದ ಹತ್ತಕ್ಕೆ ಹತ್ತು ಕೊಟ್ಟರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಪುಟದ ಕೆಳಗೆ ಸಮಾಧಾನದ ಮಾತು ಬರೆಯಬೇಡಿ, ತರಗತಿಯಲ್ಲಿ ಓದಿಸಬೇಡಿ. ಆ ನೋಟ್‌ಬುಕ್ ಮನೆಗೆ ಹೋದರೆ ಯಾರು ತೆರೆಯುತ್ತಾರೋ ಹೇಳಲಾಗದು. ಪ್ರಬಂಧದ ನೋಟ್‌ಬುಕ್‌ಗಳು ಇನ್ನು ಮುಂದೆ ಶಾಲೆಯ ಕಪಾಟಿನಲ್ಲೇ ಇರುತ್ತವೆ ಎಂದು ಇಡೀ ತರಗತಿಗೆ ಹೇಳಿ, ಅವನದನ್ನೂ ಅಲ್ಲಿಡಿ. ಬ್ಯಾಗಿನಿಂದ ನಾಳೆಯೇ ತೆಗೆಯಿರಿ. ತಾನು ಬರೆದದ್ದನ್ನು ಓದಿದವರು ಏನೂ ಹೇಳಲಿಲ್ಲವಲ್ಲ ಎಂದು ಅವನು ಎರಡು ವಾರದಿಂದ ನಿಮ್ಮ ಮುಖ ನೋಡುತ್ತಿದ್ದಾನೆ.